ಚರಗ ಚೆಲ್ಲುವ ಹಕ್ಕು

ಮನುಷ್ಯನು ತನ್ನವರಿಲ್ಲದೆ ಬಾಳಲಾರನು. ಆದ್ದರಿಂದ ತನ್ನವರು ಯಾರು ಎಂದು ನಿರ್ಧರಿಸುವುದೇ ಅವನು ಈ ಲೋಕದಲ್ಲಿ ಮಾಡುವ ಅತ್ಯಂತ ಗಂಭೀರವಾದ ಕೆಲಸ. ನಮ್ಮ ವಿಷಯದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಟೆಂಪೋದ ಸೀಟುಗಳೇ ಮಾಡಿಬಿಡುತ್ತಿದ್ದವು. ಸೀಟು ತುಂಬಿತೆಂದರೆ ನಮ್ಮವರು ಅಲ್ಲಿಗೆ ಮುಗಿದರು ಎಂದರ್ಥ.

ಹೈದರಾಬಾದಿನಲ್ಲಿ ನೆಲೆನಿಂತ ಉತ್ತರ ಕರ್ನಾಟಕದ ಕೆಲವು ಕುಟುಂಬಗಳು ಸೇರಿ ಪ್ರತಿವರ್ಷ ಎಳ್ಳಮಾವಾಸ್ಯೆಗೆ ಊರ ಹೊರಗಿನ ಹೊಲವೊಂದಕ್ಕೆ ಹೋಗುತ್ತಿದ್ದೆವು. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಜೋಳ ತೆನೆ ಕಟ್ಟುವ ಹೊತ್ತು ಅದು. ಪೈರು ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ಬಗೆದು, ಮಾಡಿದ ಅಡಿಗೆಯನ್ನೆಲ್ಲ ಹೊಲಕ್ಕೆ ಒಯ್ದು, ಮೊದಲು ಅವಳಿಗೆ ಉಣಿಸಿ ಆಮೇಲೆ ಮನುಷ್ಯರು ಉಣ್ಣಬೇಕು. ಉಣಿಸುವ ಕ್ರಮ ಹೀಗೆ: ಒಬ್ಬರು ಬುಟ್ಟಿಯಲ್ಲಿನ ಅಡಿಗೆಯನ್ನು ಪೈರಿನೊಳಗೆ ಚೆಲ್ಲುತ್ತ, ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಮುಂದೆ ನಡೆಯುತ್ತಾರೆ, ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ, ‘ಚಲ್ಲಂಬ್ರಿಗೋ’ ಎಂದು ಉತ್ತರ ಕೊಡುತ್ತ ಹಿಂದೆ ನಡೆಯುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆ ಕೂಗಿನ ಅರ್ಥ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದೂ ವಿಜಾಪುರದವರು ಕೂಗುವುದು ಸರಿಯೋ ಗುಲಬರ್ಗಾದವರು ಕೂಗುವುದು ಸರಿಯೋ ಎಂಬ ಪ್ರಶ್ನೆಯ ಮೇಲೆ ಎರಡು ಕುಟುಂಬಗಳು ಒಂದು ಇಡೀ ವರ್ಷ ಮಾತು ಬಿಟ್ಟಿದ್ದವು. ಅರ್ಥ ಗೊತ್ತಿದ್ದಿದ್ದರೆ ಇಷ್ಟು ನಿಷ್ಠೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ.

ಇದನ್ನು ಶುರುಮಾಡಿದವರು ನನ್ನ ಕಾಕಾ ಮತ್ತು ಅವರ ಗೆಳೆಯರೊಬ್ಬರು. ಇಬ್ಬರೂ ಕೇಂದ್ರ ಸರಕಾರದ ಕಾರ್ಖಾನೆಯೊಂದರ ಕೆಲಸಕ್ಕೆಂದು ವಿಜಾಪುರದ ಕಡೆಯಿಂದ ಬಂದವರು. ಗೆಳೆಯರು ಫೋರ್‌ಮನ್ ಆಗಿ ನಿವೃತ್ತರಾದರು. ನಿವೃತ್ತಿಯ ನಂತರ ಆ ಹುದ್ದೆಯನ್ನು ನಮ್ಮ ಮೇಲೆ ಮುಂದುವರಿಸಿದರು. ಹೀಗಾಗಿ ಎಲ್ಲರ ಬಾಯಲ್ಲಿ ಅವರು ಫೋರ್‌ಮನ್ ಸಾಹೇಬರು. ನಾನು ನಾರಾಯಣಗೂಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಓದಿದವನೆಂಬ ಮರ್ಯಾದೆಗೆ ನನಗೆ ಕಾರ್ಯದರ್ಶಿಯ ಪದವಿ ದೊರೆತಿತ್ತು. ಕಾರ್ಯದರ್ಶಿಯ ಕಾರ್ಯವೆಂದರೆ ಕಾಚಿಗೂಡದಲ್ಲಿ ಟೆಂಪೋ ಗೊತ್ತುಮಾಡುವುದು ಮತ್ತು ಅದು ತಡವಾಗಿ ಬಂದರೆ ಬೈಸಿಕೊಳ್ಳುವುದು.

ಬರೆದಿಟ್ಟ ನಿಯಮಾವಳಿ ಇರಲಿಲ್ಲ. ಇದ್ದಿದ್ದರೆ ಯಾರಾದರೂ ತಿದ್ದುಪಡಿ ಸೂಚಿಸುವ ಅಪಾಯವಿತ್ತು. ಬಾಯಿಮಾತಿನ ಕಟ್ಟಳೆ ಎರಡು. ಆ ದಿನ ಹೊಲದಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬಾರದು. ಊಟದ ಪಂಕ್ತಿಯಲ್ಲಿ ನಮ್ಮ ಮಂದಿ ಬಿಟ್ಟು ಬೇರೆಯವರು ಕೂಡಬಾರದು. ಮೊದಲನೆಯದನ್ನು ಮಕ್ಕಳು ಹೊಲಕ್ಕೆ ಕಾಲಿಟ್ಟ ಕೂಡಲೇ ಮುರಿಯುತ್ತಿದ್ದರು, ಯಾಕೆಂದರೆ ಅವರು ಜಗಳವಾಡುತ್ತಿದ್ದುದು ತೆಲುಗಿನಲ್ಲಿ, ರಾಜಿಯಾಗುತ್ತಿದ್ದುದು ಹಿಂದಿಯಲ್ಲಿ. ಎರಡನೆಯದನ್ನು ಯಾರೂ ಮುರಿಯಲಿಲ್ಲ. ಒಮ್ಮೆ ನಮ್ಮವರೊಬ್ಬರು, ಪಕ್ಕದ ಮನೆಯ ತಮಿಳರನ್ನು ಕರೆತರಲೇ ಎಂದು ಫೋರ್‌ಮನ್ ಸಾಹೇಬರನ್ನು ಕೇಳಿದರು. ಸಾಹೇಬರು ಸಮಾಧಾನವಾಗಿಯೇ, “ಅಗದೀ ಕರಕೊಂಡ್ ಬರ್ರಿ. ನಿಮ್ಮ ಸೀಟಿನ್ಯಾಗ ಅವರನ್ನ ಕೂಡಸ್ರಿ, ನೀವು ಮನ್ಯಾಗ ಇರ್ರಿ” ಎಂದರು. ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು.

ಈಗ ಇದನ್ನು ನಗುತ್ತ ಬರೆಯುತ್ತಿದ್ದೇನೆ. ಆಗ ನಮಗೆ ನಗು ಬರುತ್ತಿರಲಿಲ್ಲ. ವರ್ಷವಿಡೀ ಬಸ್ಸಿನಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ಇಂಗ್ಲಿಷು ಮಾತಾಡಿ ಮನೆಗೆ ಬಂದರೆ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಎಲ್ಲರಿಗೂ ಸರಿದು ಜಾಗ ಕೊಡುತ್ತ ಬದುಕಿದವರು ಒಂದು ದಿನ ಕಾಲು ಚಾಚಿ ಕೂಡಬೇಕೆನ್ನುವುದನ್ನು ಸಂಕುಚಿತ ಬುದ್ಧಿ ಎನ್ನುವುದು ಸುಲಭ. ನಾನು ಅನ್ನುವುದಿಲ್ಲ.

ಹೊಲ ಮಾದಾಪುರದ ಬಂಡೆಗಳ ಆಚೆ ಇತ್ತು. ಅದರ ಒಡೆಯ ಒಬ್ಬ ತೆಲುಗು ರೈತ. ಊರವರು ಅವನನ್ನು ಪಟೇಲ್ ಎನ್ನುತ್ತಿದ್ದರು, ನಾವು ಒಂದು ‘ರು’ ಸೇರಿಸಿ ಪಟೇಲರು ಎನ್ನುತ್ತಿದ್ದೆವು. ನಮ್ಮ ಕಾಕಾ ಹೇಗೋ ಅವರ ಸ್ನೇಹ ಸಂಪಾದಿಸಿದ್ದರು. ಎಳ್ಳಮಾವಾಸ್ಯೆಯ ದಿನ ಪಟೇಲರು ಬೇವಿನ ಮರದ ಕೆಳಗೆ ಕಸ ಹೊಡೆಸಿ, ಕೊಡದಲ್ಲಿ ನೀರಿಡಿಸಿ, ನಾವು ಬಂದಾಗ ಕೈಮುಗಿದು, ದೂರದ ಬಾವಿಯ ಕಡೆ ಹೊರಟುಹೋಗುತ್ತಿದ್ದರು. ನಾವು ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಕಡಬು ಎಲ್ಲವನ್ನೂ ಉಂಡು, ಮರದ ಕೆಳಗೆ ಒರಗಿ, ಹೊರಡುವ ಮುಂಚೆ ಒಂದು ದೊಡ್ಡ ಡಬ್ಬಿಯ ತುಂಬ ಅಡಿಗೆ ತುಂಬಿ ಪಟೇಲರಿಗೆ ಕೊಟ್ಟು ಬರುತ್ತಿದ್ದೆವು. ನಾವು ಕೃತಘ್ನರಲ್ಲ ಎಂಬುದಕ್ಕೆ ಆ ಡಬ್ಬಿ ಸಾಕ್ಷಿಯಾಗಿತ್ತು.

ಚರಗ ಚೆಲ್ಲುತ್ತಿದ್ದವರು ಕಾಕಾ. ರುಮಾಲು ಸುತ್ತಿ, ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು ಅವರು ಬದುವಿನ ಮೇಲೆ ನಡೆಯುವ ಠೀವಿ ನೋಡಿದರೆ, ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಮನುಷ್ಯ ಇವರೇ ಎಂದು ನಂಬುವುದು ಕಷ್ಟವಾಗುತ್ತಿತ್ತು. ಹಿಂದೆ ನೀರಿನ ತಂಬಿಗೆ ಹಿಡಿದು ಅವರ ಹೆಂಡತಿ, ನಮ್ಮ ಕಾಕು. ಕಾಕಾ ತೀರಿಕೊಂಡ ಮೇಲೆ ಬುಟ್ಟಿ ಫೋರ್‌ಮನ್ ಸಾಹೇಬರ ಕೈಗೆ ಬಂತು. ತಂಬಿಗೆ ಕಾಕುವಿನ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಸಾಫ್ಟ್‌ವೇರ್ ಬಂತು. ಮೊದಲು ಅಗಲವಾದ ರಸ್ತೆ ಬಂತು, ಆಮೇಲೆ ಬಂಡೆಗಳು ಹೋದವು, ಆಮೇಲೆ ಗಾಜಿನ ಕಟ್ಟಡಗಳು ಎದ್ದವು. ಪ್ರತಿವರ್ಷ ಟೆಂಪೋದ ಕಿಟಕಿಯಿಂದ ಅವುಗಳನ್ನು ನೋಡಿ, ಭಾರಿ ಬದಲಾಗೇತಿ ಬಿಡ್ರಿ ಎಂದು ಹೇಳಿಕೊಂಡು, ಪಟೇಲರ ಹೊಲಕ್ಕೆ ಹೋಗಿ ಉಂಡು ಬರುತ್ತಿದ್ದೆವು. ಬದಲಾವಣೆ ಹೊಲದ ಬದು ದಾಟಿ ಒಳಗೆ ಬಂದೀತು ಎಂದು ನಮಗೆ ಹೊಳೆಯಲಿಲ್ಲ. ಬುದ್ಧಿವಂತರ ಗುಂಪಿಗೆ ಇದು ಸಹಜ.

ನಾನು ಹೇಳಹೊರಟ ವರ್ಷ ಟೆಂಪೋ ಹೊಲದ ತಿರುವಿನಲ್ಲಿ ನಿಂತಾಗ ಅಲ್ಲಿ ಹೊಲವಿರಲಿಲ್ಲ. ಎತ್ತರದ ಕಂಪೌಂಡ್ ಗೋಡೆ ಇತ್ತು, ಕಬ್ಬಿಣದ ಗೇಟಿತ್ತು, ಸ್ಟೂಲಿನ ಮೇಲೆ ಒಬ್ಬ ವಾಚ್‌ಮನ್ ಇದ್ದ. ಬೇವಿನ ಮರದ ತಲೆ ಕೂಡ ಕಾಣಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ಕಾಕುವಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಗುಳಿಗೆ ನುಂಗಬೇಕು, ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಆದರೆ ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲುವ ತನಕ ಅವರು ನೀರು ಬಿಟ್ಟು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬೇರೆ ವರ್ಷ ಬಿಸಿಲೇರುವ ಮೊದಲೇ ಚರಗ ಮುಗಿಯುತ್ತಿತ್ತು. ಯಾರೂ ಈ ಬಗ್ಗೆ ಚಿಂತಿಸಿರಲಿಲ್ಲ. ಆ ದಿನ ಟೆಂಪೋ ತಡವಾಗಿ ಬಂದಿತ್ತು, ನಾನು ಪದ್ಧತಿಯಂತೆ ಬೈಸಿಕೊಂಡಿದ್ದೆ, ಗೋಡೆಯ ಮುಂದೆ ನಿಂತಾಗ ಹೊತ್ತು ನೆತ್ತಿಗೆ ಬಂದಿತ್ತು. ಗುಳಿಗೆ ಮಾತ್ರ ತನ್ನ ಹೊತ್ತಿಗೆ ಹೊಟ್ಟೆ ಸೇರಿತ್ತು.

ನನ್ನ ಹೆಂಡತಿ ಚೀಲದಿಂದ ಬಿಸ್ಕತ್ತು ತೆಗೆದು ಮುಂದೆ ಹಿಡಿದಳು. ಕಾಕು ಮುಖ ಆಚೆ ತಿರುಗಿಸಿದರು. ಬಸುರಿ ಉಪವಾಸ ಕೂತಿರುವಾಗ ತಾವು ಹೇಗೆ ಉಣ್ಣಲಿ ಎಂಬುದು ಅವರ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ವೈದ್ಯಕೀಯ ಉತ್ತರವಿತ್ತು. ಅವರು ಕೇಳಿದ್ದು ಬೇರೆ ಉತ್ತರ. ಫೋರ್‌ಮನ್ ಸಾಹೇಬರು ಗೋಡೆಯ ಬುಡದಲ್ಲಿ ಒಂದಿಷ್ಟು ಮಣ್ಣು ಕಾಣುವುದನ್ನು ತೋರಿಸಿ, ಅಲ್ಲೇ ಚೆಲ್ಲಿಬಿಡೋಣ ಎಂದರು.

“ಗ್ವಾಡಿಗೆ ಉಣಸಾಕ ಮುಂಜಾನಿಂದ ಬಡಕೊಂಡೀನೇನ್ರಿ ನಾ?” ಎಂದರು ಕಾಕು.

ಊರೊಳಗಿನ ಯಾವುದಾದರೂ ಪಾರ್ಕಿಗೆ ಹೋಗೋಣವೇ, ಅಲ್ಲಿ ಒಳ್ಳೆಯ ಹುಲ್ಲಿದೆ ಎಂದೆ ನಾನು, ಕಾರ್ಯದರ್ಶಿಯ ನೆಲೆಯಲ್ಲಿ.

“ಹುಲ್ಲು ಯಾವತ್ತಾರ ತೆನಿ ಕಟ್ಟೇತೇನೋ ತಮ್ಮಾ? ಕಾಲೇಜಿನ್ಯಾಗ ಇದ್ನ ಕಲಸ್ತೀಯೇನು?”

ನಾನು ಪ್ರಸ್ತಾಪ ಹಿಂದಕ್ಕೆ ಪಡೆದೆ. ಅವರ ತುಟಿಯ ಮೇಲೆ ಬೆವರು ಕಾಣಿಸಿಕೊಂಡಿತ್ತು. ಪುಷ್ಯ ಹತ್ತಿರವಾದ ಚಳಿಗಾಲದಲ್ಲಿ ಬರಬಾರದ ಬೆವರು.

ಅಷ್ಟರಲ್ಲಿ ವಾಚ್‌ಮನ್ ಎದ್ದು ಬಂದು, ಬುಟ್ಟಿಗಳನ್ನು ನೋಡಿ, ನೀವು ಅಮಾವಾಸ್ಯೆಯವರೇ ಎಂದು ಹಿಂದಿಯಲ್ಲಿ ಕೇಳಿದ. ಹಳೆಯ ಮಾಲಿಕರು ಹೇಳಿಟ್ಟಿದ್ದಾರಂತೆ: ಈ ದಿನ ಬುಟ್ಟಿ ಹೊತ್ತ ಜನ ಬರುತ್ತಾರೆ, ಬಂದ ಕೂಡಲೇ ನನಗೆ ಫೋನ್ ಮಾಡು, ಅವರನ್ನು ಹೋಗಗೊಡಬೇಡ. ನಮ್ಮ ಯಾರ ವಿಳಾಸವೂ ಪಟೇಲರ ಹತ್ತಿರ ಇರಲಿಲ್ಲ. ಇಷ್ಟು ವರ್ಷದಲ್ಲಿ ನಾವು ಕೊಟ್ಟಿರಲಿಲ್ಲ, ಅವರು ಕೇಳಿರಲಿಲ್ಲ.

ಪಟೇಲರು ಹೊಸ ಜೀಪಿನಲ್ಲಿ ಬಂದರು. ಕೈಮುಗಿದರು. ಹೊಲ ಮಾರಿದ್ದನ್ನು ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು. ಬಂದ ದುಡ್ಡಿನಲ್ಲಿ ಚೇವೆಳ್ಳದ ದಾರಿಯಲ್ಲಿ ಬೇರೆ ಹೊಲ ಕೊಂಡಿದ್ದಾರೆ, ಅಲ್ಲಿ ಜೋಳ ನಿಂತಿದೆ, ಬನ್ನಿ ಎಂದರು. ಜೀಪು ಮುಂದೆ, ಟೆಂಪೋ ಹಿಂದೆ. ದಾರಿಯುದ್ದಕ್ಕೂ ನನ್ನ ಹೆಂಡತಿ ಕಾಕುವಿನ ಅಂಗೈ ಹಿಡಿದು ಕೂತಿದ್ದಳು. ಕಾಕು ಚರಗದ ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅವರ ಕೈ ನಡುಗುವುದು ಬುಟ್ಟಿಯ ಮೇಲಿನ ಬಟ್ಟೆಯಲ್ಲಿ ಕಾಣುತ್ತಿತ್ತು.

ಹೊಸ ಹೊಲ ದೊಡ್ಡದಾಗಿತ್ತು, ಜೋಳ ಆಳೆತ್ತರ ನಿಂತಿತ್ತು. ಪಟೇಲರ ಹೆಂಡತಿ ಬದುವಿನ ಮೇಲೆ ಕಾಯುತ್ತಿದ್ದರು. ಜೊತೆಗೆ ಹೊಲದಲ್ಲಿ ದುಡಿಯುವ ಎರಡು ಜೋಡಿ ಗಂಡಹೆಂಡಿರು. ಅವಸರದಲ್ಲೇ ಪೂಜೆಯಾಯಿತು. ಫೋರ್‌ಮನ್ ಸಾಹೇಬರು ರುಮಾಲು ಸುತ್ತಿ ಬುಟ್ಟಿ ಎತ್ತಿಕೊಂಡರು. ಆಗ ಪಟೇಲರ ಹೆಂಡತಿ ಕಾಕುವಿನ ಹತ್ತಿರ ಬಂದು ತೆಲುಗಿನಲ್ಲಿ ಒಂದು ಮಾತು ಕೇಳಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಕುತೂಹಲವಷ್ಟೇ. ಹಳೆಯ ಹೊಲ ಹಿರಿಯರಿಂದ ಬಂದದ್ದು, ಅಲ್ಲಿ ಹೇಗೋ ನಡೆಯಿತು. ಇದು ಹೊಸ ಭೂಮಿ, ನಮ್ಮ ಕೈ ಗುರುತು ಇನ್ನೂ ಅದಕ್ಕೆ ಆಗಿಲ್ಲ. ನಿಮ್ಮ ಊರಿನಲ್ಲಿ ಇದನ್ನು ಚೆಲ್ಲುವವರು ಯಾರು, ಹೊಲದವರೋ, ಬಂದವರೋ?

ಫೋರ್‌ಮನ್ ಸಾಹೇಬರು ನನಗೆ ಕಣ್ಣು ಮಾಡಿ, ಅದೆಲ್ಲ ಆಮ್ಯಾಲೆ ಹೇಳೂಣು, ಹೊತ್ತಾಗೇತಿ ಎಂದರು. ಹೊತ್ತಾಗಿದ್ದು ನಿಜ. ಕಾಕು ‘ನಾವೇ’ ಎಂದು ಒಂದು ಮಾತು ಹೇಳಿದ್ದರೆ ಚರಗ ಅಲ್ಲಿಂದಲೇ ಹೊರಟು, ಅವರ ಬಾಯಿಗೆ ತುತ್ತು ಬೇಗ ಬೀಳುತ್ತಿತ್ತು. ಅವರು ಹೇಳಲಿಲ್ಲ. ಕಟ್ಟಳೆಯನ್ನು ಪಾಲಿಸುವವರಲ್ಲಿ ಎರಡು ಜಾತಿ: ತಮಗೆ ಅನುಕೂಲವಿರುವಷ್ಟು ಪಾಲಿಸುವವರು, ಮತ್ತು ನಮ್ಮ ಕಾಕು.

“ನಮ್ಮೂರಾಗ ಹೊಲದಾಂವನ ಚೆಲ್ಲಬೇಕ್ರಿ,” ಎಂದರು ಅವರು, ಫೋರ್‌ಮನ್ ಸಾಹೇಬರನ್ನು ನೋಡುತ್ತ. “ಹೊಲಾ ಯಾರದೈತಿ, ಚರಗಾ ಅವರದ. ಬ್ಯಾರೇದವರು ಚೆಲ್ಲಿದ್ರ ಭೂಮಿತಾಯಿ ಮುಟ್ಟೂದಿಲ್ಲ.”

“ಹಂಗಾದ್ರ ಇಷ್ಟ್ ವರ್ಷ ನಾವು ಮಾಡಿದ್ದೇನ್ರಿ ವೈನಿ?” ಎಂದರು ಸಾಹೇಬರು.

“ಮಾಡಿದ್ವಿ. ಅಲ್ಲೆ ಕೇಳಿದವರು ಇರಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಗೆಳ್ಯಾಗ ಊರಾಗ ಒಂದ್ ಗೇಣು ಹೊಲಾ ಇರಲಿಲ್ಲ. ಅಣ್ಣತಮ್ಮಂದಿರು ಹಂಚಕೊಂಡ್ ತಿಂದಿದ್ರು. ವರ್ಷದಾಗ ಒಂದ್ ದಿನಾ ಬುಟ್ಟಿ ಹಿಡದು ಅಡ್ಡಾಡ್ತಿದ್ದ. ಅಡ್ಡಾಡಲಿ ಅಂತ ಬಿಟ್ಟಿದ್ದೆ.”

ಅಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಊರಲ್ಲಿ ಹೊಲವಿರಲಿಲ್ಲ. ಇದ್ದವರಿಗೆ ಅದು ಕೋರ್ಟಿನಲ್ಲಿತ್ತು. ಪಂಕ್ತಿಗೆ ಬೇರೆಯವರು ಬೇಡವೆಂದು ಕನ್ನಡದ ಹೆಸರಿನಲ್ಲಿ ನಾವು ಕಟ್ಟಿಕೊಂಡ ಬೇಲಿ ಸುಳ್ಳಾಗಿರಲಿಲ್ಲ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಪಟೇಲರು ಬಂದು ನಡುವೆ ಕೂತಿದ್ದರೆ, ಹೊಲ ಯಾರದು ಎಂದು ಎಲ್ಲರಿಗೂ ಕಾಣುತ್ತಿತ್ತು. ಅವರು ಬಾವಿಯ ಕಡೆ ಇರುವಷ್ಟು ಹೊತ್ತು ಅದು ನಮ್ಮದಾಗಿತ್ತು.

ಕಾಕು ಬುಟ್ಟಿಗೆ ಕೈ ಚಾಚಿದರು. ಫೋರ್‌ಮನ್ ಸಾಹೇಬರು ಬಿಡಲಿಲ್ಲ, ಎಳೆದುಕೊಳ್ಳಲೂ ಇಲ್ಲ. ಅವರ ಮುಖ ಕೆಂಪಾಗಿತ್ತು.

“ನನ್ನ ಮೊಮ್ಮಕ್ಕಳಿಗೆ ‘ಅಜ್ಜಾ’ ಅನ್ನೂದು ಒಂದು ಬಿಟ್ರ ಕನ್ನಡ ಬರೂದಿಲ್ರಿ ವೈನಿ,” ಎಂದರು. “ಒಂದ್ ದಿನಾ ಆದ್ರೂ ನಮ್ಮದು ಅನ್ನೂದು ಇರಲಿ ಅಂದೆ. ಅದು ತಪ್ಪೇನು?”

“ತಪ್ಪಲ್ರಿ. ಆದ್ರ ಉಣ್ಣೂದು ನಾವಲ್ಲ, ಆಕಿ.” ಕಾಕು ಕಾಲ ಕೆಳಗಿನ ಮಣ್ಣನ್ನು ತೋರಿಸಿದರು. “ಆಕಿಗೆ ಯಾರ ಕೈಲೆ ಬೇಕೋ ಅವರ ಕೈಲೇನ ಉಣ್ತಾಳ.”

ಸಾಹೇಬರು ಬುಟ್ಟಿ ಬಿಟ್ಟರು. ರುಮಾಲು ಬಿಚ್ಚಲಿಲ್ಲ, ಹೋಗಿ ಬದುವಿನ ತುದಿಯಲ್ಲಿ ನಮಗೆ ಬೆನ್ನು ಮಾಡಿ ನಿಂತರು.

ಕಾಕು ಕೊಟ್ಟ ಬುಟ್ಟಿಯನ್ನು ಪಟೇಲರು ಹಿಡಿದು, ನನಗೆ ನಿಮ್ಮ ಮಾತು ಬರುವುದಿಲ್ಲವಲ್ಲ ಎಂದರು. ಕಾಕು ಕೂಗನ್ನು ಹೇಳಿಕೊಟ್ಟರು. ಅವರು ಹಿಂಜರಿಯುತ್ತ ಒಮ್ಮೆ ಕೂಗಿದರು. ಅದು ವಿಜಾಪುರದ್ದೂ ಆಗಿರಲಿಲ್ಲ, ಗುಲಬರ್ಗಾದ್ದೂ ಆಗಿರಲಿಲ್ಲ. ಎರಡೂ ಜಿಲ್ಲೆಯವರು ಸುಮ್ಮನೆ ಕೇಳಿಸಿಕೊಂಡರು. ಕಾಕು ತಂಬಿಗೆ ಎತ್ತಿಕೊಂಡರು. ಬೇರೆ ಯಾರಾದರೂ ನೀರು ಹಿಡಿಯುತ್ತೇವೆ ಎಂದರೆ ಕೊಡಲಿಲ್ಲ. ಕಾಕುವಿನ ನಡಿಗೆ ನೋಡಿ ಪಟೇಲರು ಮೊದಲ ಮೂಲೆಯಲ್ಲೇ ತಿರುಗಲು ನೋಡಿದರು. ಅದನ್ನೂ ಕಾಕು ಒಪ್ಪಲಿಲ್ಲ; ನಾಲ್ಕೂ ಮೂಲೆ ಆಗಬೇಕು. ಪಟೇಲರ ಹೆಂಡತಿ ಬಂದು ಅವರ ರಟ್ಟೆ ಹಿಡಿದರು. ಹಾಗೆ ಮೂವರೂ ಜೋಳದ ಅಂಚಿನಲ್ಲಿ ನಡೆದರು: ಮುಂದೆ ಹುಲ್ಲುಲ್ಲಿಗೋ, ಹಿಂದೆ ಚಲ್ಲಂಬ್ರಿಗೋ. ನಾನು ಬಿಸ್ಕತ್ತಿನ ಪೊಟ್ಟಣ ಹಿಡಿದು ಅವರ ಹಿಂದೆ ನಡೆದೆ. ಅಂದು ನನ್ನ ಪದವಿಗೆ ಒದಗಿದ ಕೆಲಸ ಅದೊಂದೇ.

ಮೂರನೆಯ ಮೂಲೆಯ ಹತ್ತಿರ ಕಾಕು ಕುಸಿದು ಬದುವಿನ ಮೇಲೆ ಕೂತರು. ತಂಬಿಗೆಯನ್ನು ಪಟೇಲರ ಹೆಂಡತಿಯ ಕೈಗೆ ಕೊಟ್ಟು, ನಡೀರಿ, ನಿಲ್ಲಬ್ಯಾಡ್ರಿ ಎಂದು ಕೈ ಬೀಸಿದರು. ನಾನು ಬಿಸ್ಕತ್ತು ಚಾಚಿದೆ. ಅವರು ತುಟಿ ಬಿಗಿಹಿಡಿದು ತಲೆಯಾಡಿಸಿದರು. ಪಟೇಲರು ಮುಂದೆ ನಡೆದು ಕೂಗಿದರು. ಹಿಂದೆ ನೀರು ಬಿತ್ತು, ಉತ್ತರ ಬರಲಿಲ್ಲ. ಆ ಹೆಣ್ಣುಮಗಳಿಗೆ ಅದು ಗೊತ್ತಿರಲಿಲ್ಲ. ಪಟೇಲರು ಇನ್ನೊಮ್ಮೆ ಕೂಗಿ ನಿಂತರು.

ಆಗ ಹೊಲದ ಆ ತುದಿಯಿಂದ ಉತ್ತರ ಬಂತು. ಫೋರ್‌ಮನ್ ಸಾಹೇಬರ ದನಿ, ಕಾರ್ಖಾನೆಯ ಗದ್ದಲದ ಮೇಲೆ ಕೂಗಿ ಪಳಗಿದ ದನಿ. ಅವರು ನಮ್ಮ ಕಡೆ ತಿರುಗಿರಲಿಲ್ಲ. ಪಟೇಲರು ಮತ್ತೆ ಕೂಗಿದರು, ಮತ್ತೆ ಉತ್ತರ ಬಂತು. ಉಳಿದ ದಾರಿಯೆಲ್ಲ ಹೀಗೆಯೇ ಕಳೆಯಿತು. ನಾಲ್ಕನೆಯ ಮೂಲೆಯಲ್ಲಿ ಬುಟ್ಟಿ ಬೋರಲಾದ ಮೇಲೆ ಕಾಕು ನನ್ನ ಕೈಯಿಂದ ಬಿಸ್ಕತ್ತು ತೆಗೆದುಕೊಂಡರು.

ಆಮೇಲೆ ಪಂಕ್ತಿ ಕೂತಿತು. ಪಟೇಲರು, ಅವರ ಹೆಂಡತಿ, ಹೊಲದಲ್ಲಿ ದುಡಿಯುವ ಆ ನಾಲ್ವರು, ಎಲ್ಲರನ್ನೂ ಕಾಕು ಹೆಸರು ಕೇಳಿ ಕೇಳಿ ಕೂಡಿಸಿದರು. ಅಗಸಿ ಹಿಂಡಿ ಮುಂದೆ ಬಂದಾಗ ಪಟೇಲರು ಹಳೆಯ ಪರಿಚಯದ ನಗು ನಕ್ಕರು. ಇಷ್ಟು ವರ್ಷ ನೀವೇಕೆ ಬಾವಿಯ ಕಡೆ ಹೋಗುತ್ತಿದ್ದಿರಿ ಎಂದು ನನ್ನ ಹೆಂಡತಿ ಕೇಳಿದಳು. ನಿಮ್ಮದು ಬಹಳ ಮಡಿಯ ವ್ರತ, ಬೇರೆಯವರ ಕಣ್ಣು ಬೀಳಬಾರದು ಎಂದುಕೊಂಡಿದ್ದೆ, ಅದಕ್ಕೆ ನಾನಾಗಿಯೇ ದೂರ ಹೋಗುತ್ತಿದ್ದೆ ಎಂದರು ಅವರು. ನಮ್ಮ ಮಂದಿ ತಲೆ ತಗ್ಗಿಸಿ ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು. ನಮಗಿಂತ ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರ ಎದುರು ಕೂತು ಉಣ್ಣುವುದು ಸುಲಭವಲ್ಲ.

ಫೋರ್‌ಮನ್ ಸಾಹೇಬರು ಪಂಕ್ತಿಗೆ ಬರಲಿಲ್ಲ. ಕಾಕು ತಾವೇ ತಾಟು ಬಡಿಸಿ ನನ್ನ ಕೈಯಲ್ಲಿ ಕಳಿಸಿದರು. ಅವರು ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಉಂಡರು. ತಾಟು ವಾಪಸು ಕೊಡುವಾಗ, ವೈನಿಯ ಕೈ ನಡುಗುವುದು ನಿಂತಿತೇ ಎಂದು ಕೇಳಿದರು. ನಿಂತಿದೆ ಎಂದೆ.

ಮುಂದಿನ ವರ್ಷ ಸಾಹೇಬರ ಕಡೆಯ ಕುಟುಂಬಗಳು ಶಮೀರ್‌ಪೇಟೆಯ ಹತ್ತಿರ ಬೇರೆ ಹೊಲ ಗೊತ್ತುಮಾಡಿಕೊಂಡವು, ಉಳಿದ ನಾವು ಕಾಕುವಿನ ಜೊತೆ ಪಟೇಲರ ಹೊಲಕ್ಕೆ ಹೋದೆವು.